ನಡುವಿನ ಕುರ್ಚಿ

ಯಾವ ದೇಶದ ಫುಟ್ಬಾಲ್ ತಂಡದ ಅಂಗಿ ತೊಡುತ್ತೇನೆಂದು ಗೂಬೆ ಸಂಜೆ ಐದರೊಳಗೆ ಬರೆದು ಕಳಿಸಬೇಕಿತ್ತು. ಅಮ್ಮನ ಬಸ್ಸಿನ ಪಾಳಿ ನಾಲ್ಕಕ್ಕೆ. ಹಾಗಾಗಿ ಮೂರು ಗಂಟೆಗೆಲ್ಲ ಅಡುಗೆಮನೆಯ ಮೇಜಿನ ಮೇಲೆ ಫಾರಂ ಬಂದು ಕೂತಿತ್ತು. ಒಲೆಯ ಕಡೆ ಡ್ರೈವರ್ ಕೋಟು ತೊಟ್ಟ ಅಮ್ಮ, ಕಿಟಕಿಯ ಕಡೆ ಹೊಲಿಗೆ ಡಬ್ಬಿ ಹಿಡಿದ ಅಪ್ಪನ ತಾಯಿ, ನಡುವಿನ ಕುರ್ಚಿಯಲ್ಲಿ ಗೂಬೆ. ಹನ್ನೆರಡು ವರ್ಷಗಳಿಂದ ಮೂವರೂ ಕೂರುತ್ತಿದ್ದುದೇ ಹೀಗೆ.

ಗೂಬೆ ಎಂಬುದು ತಂಡದ ಜೊತೆಗಾರರು ಇಟ್ಟ ಹೆಸರು. ಮಿಡ್‌ಫೀಲ್ಡಿನಲ್ಲಿ ಮೈದಾನದ ನಡುವೆ ಆಡುವವನು ಚೆಂಡು ಕಾಲಿಗೆ ಬರುವ ಮುಂಚೆಯೇ ಹಿಂದೆ ಯಾರು ಎಲ್ಲಿದ್ದಾರೆಂದು ನೋಡಿಕೊಂಡಿರಬೇಕು. ಉಳಿದವರು ಒಂದು ಸಲ ನೋಡುವಲ್ಲಿ ಇವನು ಗೂಬೆಯ ಹಾಗೆ ನಾಲ್ಕು ಸಲ ಕತ್ತು ತಿರುಗಿಸುತ್ತಿದ್ದ. ಹದಿನೇಳಕ್ಕೆ ದೊಡ್ಡ ಕ್ಲಬ್ಬು ಕರೆದದ್ದು, ಇಪ್ಪತ್ತೊಂದಕ್ಕೆ ಎರಡು ದೇಶದವರು ಮನೆ ಬಾಗಿಲಿಗೆ ಬಂದದ್ದು, ಎಲ್ಲ ಆ ಕತ್ತಿನ ಪುಣ್ಯ. ಯಾರು ಕಲಿಸಿದರು ಎಂದು ತರಬೇತುದಾರ ಕೇಳಿದಾಗ ನಮ್ಮನೆ ಅಡುಗೆಮನೆ ಎಂದಿದ್ದ. ತರಬೇತುದಾರ ತಮಾಷೆ ಎಂದುಕೊಂಡು ಬೆನ್ನು ತಟ್ಟಿ ಹೋಗಿದ್ದ.

ತಮಾಷೆಯಾಗಿರಲಿಲ್ಲ. ಅಪ್ಪ ಒಂದು ದೇಶದವನು, ಅಮ್ಮ ಇನ್ನೊಂದು ದೇಶದವಳು. ದುಡಿಯಲು ಬಂದು ಭೇಟಿಯಾದದ್ದು ಮೂರನೆಯ ದೇಶದಲ್ಲಿ. ಇವನು ಹುಟ್ಟಿದ್ದೂ ಅಲ್ಲೇ, ಆದರೆ ಅಲ್ಲಿನ ತಂಡಕ್ಕೆ ಇವನು ಬೇಕಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅಜ್ಜಿ ಒಂದು ಸೂಟ್‌ಕೇಸು, ಒಂದು ಹೊಲಿಗೆ ಡಬ್ಬಿ ಹಿಡಿದು ಬಂದಿಳಿದಳು. ಅತ್ತೆಯ ಭಾಷೆ ಸೊಸೆಗೆ ಬಾರದು, ಸೊಸೆಯದು ಅತ್ತೆಗೆ ಬಾರದು. ಒಂಬತ್ತು ವರ್ಷದ ಇವನಿಗೆ ಎರಡೂ ಬರುತ್ತಿದ್ದವು. ಈ ಕಡೆಯ ಮಾತು ತೆಗೆದುಕೊಂಡು ಆ ಕಡೆಗೆ ಕೊಡುವುದೇ ಕೆಲಸವಾಯಿತು. ಕೊಡುವಾಗ ಮುಳ್ಳು ಕಿತ್ತು ಕೊಡುವುದನ್ನೂ ಬೇಗನೆ ಕಲಿತ. ನಿಮ್ಮಮ್ಮ ಹಾಕಿದ ಗುಂಡಿ ಒಂದು ವಾರ ನಿಲ್ಲುವುದಿಲ್ಲ ಎಂದು ಅಜ್ಜಿ ಮೂಗು ಮುರಿದರೆ, ಅಜ್ಜಿ ನಿನ್ನ ಕೋಟಿಗೆ ಗುಂಡಿ ಹಾಕಿಕೊಡುತ್ತಾರಂತೆ ಎಂದು ದಾಟಿಸುತ್ತಿದ್ದ. ಅಮ್ಮ ಕೋಟು ಕಳಚಿ ಕೊಡುತ್ತಿದ್ದಳು. ಮನೆ ಹೀಗೇ ನಡೆದುಕೊಂಡು ಬಂದಿತ್ತು.

ಇವತ್ತು ಮಾತ್ರ ಹಾಗೆ ದಾಟಿಸಿ ಪಾರಾಗುವಂತಿರಲಿಲ್ಲ. ಒಂದು ಸಲ ಬರೆದರೆ ಮತ್ತೆ ಬದಲಿಸಲಾಗದು. ಯಾವ ಹೆಸರು ಬರೆದರೂ ಒಬ್ಬರ ಮುಖ ಬಾಡುತ್ತದೆ. ನಿನಗೆ ಯಾವುದು ಬೇಕು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೂ ಇವರಿಬ್ಬರೂ ಚೆನ್ನಾಗಿರಬೇಕು ಎನ್ನುವುದು ಬಿಟ್ಟು ಬೇರೆ ಉತ್ತರ ಅವನಲ್ಲಿರಲಿಲ್ಲ.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು. "ನಿಮ್ಮಮ್ಮನಿಗೆ ಹೇಳು. ನೀನು ಅವಳ ದೇಶದ ಅಂಗಿ ಹಾಕ್ಕೊಂಡ್ರೆ ನಾನು ಟೀವಿ ಮುಂದೆ ಕೂರೋಲ್ಲ. ಮಗನನ್ನಂತೂ ಈ ಊರಿನ ಮಣ್ಣಿಗೆ ಕೊಟ್ಟೆ. ಮೊಮ್ಮಗನ ಹೆಸರಾದ್ರೂ ನಮ್ಮ ಜನರ ಬಾಯಲ್ಲಿ ಬರಲಿ."

ಗೂಬೆ ಅಮ್ಮನ ಕಡೆ ತಿರುಗಿದ. "ಅಜ್ಜಿಗೆ ಯಾವುದಾದ್ರೂ ಸರಿಯಂತೆ ಅಮ್ಮ. ನಿನ್ನಿಷ್ಟ ಏನು ಅಂತ ಕೇಳ್ತಿದ್ದಾರೆ."

ಅಮ್ಮ ಒಲೆ ಆರಿಸಿದಳು. "ಹಾಗನ್ನಲಿಲ್ಲ ಅವರು. ಟೀವಿ ಮುಂದೆ ಕೂರೋಲ್ಲ ಅಂದ್ರು."

ಗೂಬೆಯ ಕತ್ತು ತಿರುಗಿದಲ್ಲೇ ನಿಂತಿತು. ಅಜ್ಜಿಯ ಭಾಷೆ ಯಾವಾಗಿನಿಂದ ಅರ್ಥವಾಗುತ್ತಿದೆ ಎಂದು ಅವನು ಕೇಳುವ ಮುಂಚೆಯೇ ಅಮ್ಮ ಹೇಳಿದಳು. ಅಜ್ಜಿಯ ನಾಡಿನವರು ದಿನವೂ ಅವಳ ಬಸ್ಸು ಹತ್ತುತ್ತಾರೆ, ಡ್ರೈವರಿನ ಬೆನ್ನ ಹಿಂದೆಯೇ ನಿಂತು ಮನೆಯ ಸುದ್ದಿಯೆಲ್ಲ ಆಡಿಕೊಳ್ಳುತ್ತಾರೆ. ಎರಡು ವರ್ಷ ಕೇಳಿದರೆ ಕಲ್ಲಿಗೂ ಅರ್ಥವಾಗುತ್ತದೆ. ಗುಂಡಿಯ ಮಾತೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೋಟು ಕೊಡುತ್ತಿದ್ದಳು.

"ತಿಳಿಯುತ್ತೆ ಅಂದಿದ್ರೆ ಜಗಳ ಆಡಬೇಕಾಗ್ತಿತ್ತು ಕಣೋ," ಎಂದಳು. "ನಿನ್ನ ಬಾಯಿಂದ ಬಂದ್ರೆ ಎಲ್ಲಾ ಮೆತ್ತಗಾಗಿ ಬರ್ತಿತ್ತು. ನಂಗೆ ಅದೇ ಸಾಕಾಗಿತ್ತು."

ಏನಂತೆ ಅವಳು ಎಂದು ಅಜ್ಜಿ ಇವನ ತೋಳು ಹಿಡಿದು ಅಲುಗಿಸಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಇವನು ಸುಮ್ಮನೆ ಕೂತ. ಅಮ್ಮ ಕೋಟಿನ ಮೇಲಿನ ಗುಂಡಿ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿದಳು. ಇಕ್ಕಟ್ಟಿನ ಗಲ್ಲಿಯಲ್ಲಿ ಬಸ್ಸು ಹಿಂದಕ್ಕೆ ತೆಗೆಯುವವಳಂತೆ ನಿಧಾನವಾಗಿ, ಒಂದೊಂದೇ ಪದ ನೋಡಿಕೊಂಡು, ಅತ್ತೆಯ ಭಾಷೆಯಲ್ಲೇ ಮಾತಾಡಿದಳು.

"ಅತ್ತೆ, ಅವನು ನಿಮ್ಮ ಮಗನ ದೇಶದ ಅಂಗೀನೇ ಹಾಕ್ಕೊಳ್ಳಲಿ. ನಾನು ದಿನಾ ಕಣ್ಮುಂದೆ ಇರ್ತೀನಿ. ಅವರಪ್ಪ ಅವನಿಗೆ ಇನ್ನು ಸಿಗೋದು ಅಲ್ಲಿ ಮಾತ್ರ."

ಅಜ್ಜಿಯ ಕೈಯಲ್ಲಿ ಸೂಜಿ ನಿಂತಿತು. ಕಣ್ಣು ತುಂಬಿ ಬಂತು. ಏನಾದರೂ ಹೇಳಲೇಬೇಕು, ಅದೂ ಸೊಸೆಯ ಭಾಷೆಯಲ್ಲೇ ಹೇಳಬೇಕು ಎಂದು ಅವಳು ಒದ್ದಾಡುವುದು ಕಾಣುತ್ತಿತ್ತು. ಆ ಭಾಷೆಯಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಒಂದು ಮಾತು. ಪಾಳಿ ಮುಗಿಸಿ ಬಂದ ಸೊಸೆ ಚಪ್ಪಲಿ ಬಿಡುವ ಮೊದಲು ದಿನವೂ ಇವನ ಮೂಲಕ ಅತ್ತೆಯನ್ನು ಕೇಳಿಸುತ್ತಿದ್ದ ಮಾತು. ಅದನ್ನೇ ಹೇಳಿದಳು.

"ಊಟ ಆಯ್ತಾ?"

"ಇನ್ನೂ ಇಲ್ಲ ಅತ್ತೆ," ಎಂದಳು ಅಮ್ಮ.

ಗೂಬೆ ಫಾರಂ ಹತ್ತಿರ ಎಳೆದುಕೊಂಡು ಅಪ್ಪನ ದೇಶದ ಹೆಸರು ಬರೆದ. ಬರೆದು ಮುಗಿಸಿ, ಅಭ್ಯಾಸ ಬಿಡದೆ, ಒಮ್ಮೆ ಒಲೆಯ ಕಡೆ, ಒಮ್ಮೆ ಕಿಟಕಿಯ ಕಡೆ ಕತ್ತು ತಿರುಗಿಸಿದ. ಯಾರೂ ಅವನಿಗೆ ಚೆಂಡು ಕೊಡಲಿಲ್ಲ.