ಜಾನಕೀಬಾಯಿಯ ಪಾರಣೆ

“ಉಪವಾಸ ಯಾವಾಗಿಂದ?” ಎಂದು ಡಾಕ್ಟರ್ ಸರ್ದಾರ ಕೇಳಿದ್ದು ಜಾನಕೀಬಾಯಿಯನ್ನು. ಉತ್ತರ ಕೊಟ್ಟವಳು ಅವಳ ತಮ್ಮನ ಹೆಂಡತಿ ನೀಲಾಬಾಯಿ.

“ಚಾತುರ್ಮಾಸ ಹಿಡದಾಗಿಂದರಿ. ಬರೇ ಹಾಲು, ಅದೂ ಒಂದೆರಡು ಗುಟುಕು. ಕಾರ್ತಿಕ ದ್ವಾದಶಿ ಆಗಿ ಹೋದ್ರೂ ನಮ್ಮ ಅಕ್ಕಾವರು ಪಾರಣಿ ಮಾಡವಲ್ರು. ಇಡೀ ಚಿತ್ತಾಪುರ ಬಂದು ಕಾಲಿಗೆ ಬೀಳಾಕತ್ತದರಿ!”

ಶಹಾಬಾದದ ಆ ದವಾಖಾನೆಯ ಬೆಂಚಿನ ಮೇಲೆ ಜಾನಕೀಬಾಯಿ ಕೆಂಪು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು. ಬೆಳಗ್ಗೆ ತುಳಸಿಕಟ್ಟೆಯ ಹತ್ತಿರ ತಲೆತಿರುಗಿ ಬಿದ್ದವಳನ್ನು ತಮ್ಮ ಪ್ರಾಣೇಶ ಕಚೇರಿಗೆ ರಜೆ ಹಾಕಿ, ವಾಡಿಯಲ್ಲಿ ರೈಲು ಬದಲಿಸಿ, ಇಲ್ಲಿಗೆ ಕರೆತಂದಿದ್ದ.

ನಿಜವೆಂದರೆ ವ್ರತವೂ ಇರಲಿಲ್ಲ, ಗಿತವೂ ಇರಲಿಲ್ಲ. ಆಷಾಢಕ್ಕೆ ಮೊದಲೇ ತುತ್ತು ಎದೆಯಲ್ಲಿ ನಿಲ್ಲತೊಡಗಿತ್ತು. ಹೇಳೋಣವೆಂದರೆ, ಗಂಡ ಸತ್ತು ತಮ್ಮನ ಮನೆ ಸೇರಿದವಳು. “ಕೂತು ಉಣ್ಣೋರಿಗೆ ಕುಡಿಕಿ ಹೊನ್ನು ಸಾಲದು” ಎಂದು ಇದೇ ನೀಲಾಬಾಯಿ ಒಲೆಯ ಮುಂದೆ ಕೂತು, ಒಲೆಗೇ ಹೇಳುವವಳಂತೆ ಹೇಳಿದ್ದನ್ನು ಕೇಳಿಸಿಕೊಂಡವಳು. ಅಂಥ ಮನೆಯಲ್ಲಿ ರೋಗದ ಮಾತು ಬೇರೆಯೇ? ಎಲೆ ಬಿಟ್ಟು ಎದ್ದ ಒಂದು ದಿನ, ವ್ರತ ಹಿಡಿದಿರೇನು ಎಂದು ಪಕ್ಕದ ಮನೆಯವರು ಕೇಳಿದರು. ಇವಳು ಹೂಂ ಅಂದಳು. ಅಷ್ಟೇ. ಅಂದಿನಿಂದ ಅವಳ ಮಾತಿಗೆ ಬೆಲೆ ಬಂತು, ಕೂಡಲು ಮಣೆ ಬಂತು, ನೀಲಾಬಾಯಿ ಹಾಲಿನ ಬಟ್ಟಲು ಹಿಡಿದು ತಲೆ ತಗ್ಗಿಸಿ ನಿಂತಳು. ಬಾಯಿಗೆ ಬಿಸಿತುಪ್ಪ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಡಾಕ್ಟರರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. “ಉಪವಾಸದ ನಿಶ್ಶಕ್ತಿ, ಬ್ಯಾರೆ ಬೀಮಾರಿ ಕಾಣಂಗಿಲ್ಲ. ವ್ರತ ಬಿಡಸ್ರಿ, ಗಂಜಿ ಕುಡಸ್ರಿ, ಎಲ್ಲಾ ಠೀಕ್ ಆಗ್ತದ” ಎಂದು ಲೇಖನಿ ಎತ್ತಿಕೊಂಡರು.

ಪ್ರಾಣೇಶ ಕೋಟಿನ ಗುಂಡಿ ಹಾಕಿಕೊಂಡು ಎದ್ದೇ ಬಿಟ್ಟ. ಜಾನಕೀಬಾಯಿ ಏಳಲಿಲ್ಲ. ಗಂಜಿ! ಕುಡಿಸುತ್ತಾರೆ, ಅದು ತಿರುಗಿ ಬರುತ್ತದೆ, ಅದಕ್ಕೂ ಏನೋ ಮಹಿಮೆ ಕಟ್ಟುತ್ತಾರೆ. ಬಾಯಿ ಮುಚ್ಚಿಕೊಂಡು ಹೋದರೆ ದೇವರಾಗಿ ಸಾಯಬಹುದು. ಬಾಯಿ ಬಿಟ್ಟರೆ ಮತ್ತೆ ಅದೇ ಒಲೆ, ಅದೇ ಕುಡಿಕೆ. ಆದರೆ ಅವಳಿಗೆ ಸಾಯುವ ಮನಸ್ಸಿರಲಿಲ್ಲ. ಹಾಳು ಹಸಿವು ಒಂದು ದಿನವೂ ಅವಳನ್ನು ಬಿಟ್ಟಿರಲಿಲ್ಲ.

“ವ್ರತ ಇಲ್ಲರಿ” ಎಂದಳು.

“ಏನಂದ್ರಿ?” ಡಾಕ್ಟರರು ತಲೆ ಎತ್ತಿದರು.

“ನುಂಗಲಿಕ್ಕೆ ಬರಂಗಿಲ್ಲರಿ. ಅನ್ನ ಇಲ್ಲೇ ನಿಂತುಬಿಡ್ತದ.” ಎದೆಗೂಡಿನ ಕೆಳಗೆ ಬೆರಳೊತ್ತಿ ತೋರಿಸಿದಳು. “ಒಮ್ಮೊಮ್ಮೆ ನೀರೂ ನಿಲ್ತದ. ಮಲಗಿದ್ರ ಕುಡದ ಹಾಲು ಬಾಯಿಗೆ ಬರ್ತದ.”

“ಹುಳಿ ಇರ್ತದೇನು?”

“ಇಲ್ಲರಿ. ಕುಡದಾಗ ಹೆಂಗಿತ್ತೋ ಹಂಗೇ.”

ಡಾಕ್ಟರರು ಲೇಖನಿ ಕೆಳಗಿಟ್ಟರು. “ಅಂದ್ರ ಅದು ಹೊಟ್ಟಿಗೇ ಮುಟ್ಟಿಲ್ಲ. ಇಷ್ಟು ದಿನ ಯಾಕ ಹೇಳಲಿಲ್ಲಮ್ಮಾ?” ನೀಲಾಬಾಯಿಯ ಮುಖ ಕೆಂಪಾಯಿತು. ಪ್ರಾಣೇಶ ಗೋಡೆ ನೋಡಿದ.

ಮುಂದೆ ಕತ್ತಲೆ ಕೋಣೆ, ಒಳಗಿನದನ್ನು ತೋರಿಸುವ ಯಂತ್ರ, ಸುಣ್ಣ ಕದಡಿದಂಥ ಬಿಳಿ ಔಷಧ. “ಅಕ್ಕಾ, ಮಡಿ…” ಎಂದು ಪ್ರಾಣೇಶ ತಡವರಿಸಿದ. “ಔಷಧ ಅಂದ್ರ ಗಂಗಾಜಲ, ಸುಮ್ಮನಿರೋ” ಎಂದು ಗುಟುಕರಿಸಿದಳು. ನೋಡಿ ಹೊರಬಂದ ಡಾಕ್ಟರರು ಹೇಳಿದರು: “ಹುಣ್ಣಿಲ್ಲ, ಗಡ್ಡಿ ಇಲ್ಲ. ಎಲಿಅಡಿಕಿ ಸಂಚಿ ದಾರ ಜಗ್ಗಿದ್ಹಂಗ ಅನ್ನನಾಳದ ಕೆಳಗಿನ ಬಾಯಿ ಬಿಗದು ಕುಂತದ. ಹಿಗ್ಗಿಸಬೇಕು. ಬಿಗಿ ಮತ್ತ ಬರ್ತದ, ಆಗಾಗ ಬರ್ತಾ ಇರಬೇಕು.”

ಹಿಗ್ಗಿಸುವುದೆಂದರೆ ಪಾದರಸ ತುಂಬಿದ ರಬ್ಬರ್ ಕೊಳವೆಯನ್ನು ನುಂಗುವುದು. ಅವಳನ್ನು ಅಲ್ಲೇ ಇರಿಸಿಕೊಂಡು ನುಂಗಿಸಿದರು. ಉಸಿರುಗಟ್ಟಿತು, ಕಣ್ಣೀರು ಸುರಿಯಿತು, ಕಿತ್ತು ಒಗೆಯಬೇಕೆನಿಸಿತು. ಕೊನೆಗೆ ಪಾದರಸದ ಭಾರಕ್ಕೆ ಕೊಳವೆ ತಾನಾಗಿ ಕೆಳಗೆ ಜಾರಿತು. ಅದನ್ನು ತೆಗೆದ ಮೇಲೆ ಕುಡಿದ ಗಂಜಿ ಹೊಟ್ಟೆಯ ತನಕ ಬೆಚ್ಚಗೆ ಇಳಿದಾಗ ಜಾನಕೀಬಾಯಿ ಅಳುತ್ತಲೇ ನಕ್ಕಳು.

ತಿರುಗಿ ಬರುವಾಗ ರೈಲಿನಲ್ಲಿ ನೀಲಾಬಾಯಿಗೆ ಕೂತಲ್ಲಿ ಕೂಡಲಾಗಲಿಲ್ಲ. ವಾಡಿ ದಾಟಿದ ಮೇಲೆ ಹತ್ತಿರ ಸರಿದು ಪಿಸುಗುಟ್ಟಿದಳು: “ಅಕ್ಕಾ, ಮನ್ಯಾಗಿನ ಮಾತು ಮನ್ಯಾಗೇ ಇರಲಿ. ವ್ರತ ನಡದದ ಅಂತೇ ಅನ್ರಿ, ಇಲ್ಲಂದ್ರ ಮಂದಿ ಮುಂದ ನಮ್ಮ ಮರ್ಯಾದಿ ಏನು ಉಳೀತದ? ಒಳಗ ನಡುಮನ್ಯಾಗ ಬಾಗಿಲಾ ಹಾಕಿ ನಾನೇ ಬಡಸ್ತೀನಿ, ಹೊಟ್ಟಿತುಂಬ ಉಣ್ರಿ.”

ಆ ಮಾತಿನಲ್ಲೇನೂ ಹುಳುಕಿರಲಿಲ್ಲ, ಮಾನವೂ ಉಳಿಯುತ್ತದೆ, ಅನ್ನವೂ ಸಿಗುತ್ತದೆ. ಅದೇ ಜಾನಕೀಬಾಯಿಯ ಜೀವ ಹಿಂಡುತ್ತಿತ್ತು. ಮನೆ ಬರುವ ತನಕವೂ ಸೆರಗಿನ ತುದಿ ಬೆರಳಿಗೆ ಸುತ್ತಿಯೇ ಇತ್ತು.

ಬಾಗಿಲಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ಎದುರುಮನೆಯ ಅನಸೂಯಾಬಾಯಿ ತುಂಬಿದ ಚೊಂಬು ಹಿಡಿದು ಮುಂದೆ ಬಂದಳು. “ಪಾದ ಹಿಂಗ ಕೊಡ್ರಿ ಜಾನಕಕ್ಕಾ, ತೊಳೀತೀನಿ. ನಿಮ್ಮಂಥಾ ತಪಸ್ವಿ ನಮ್ಮ ಓಣ್ಯಾಗ ಇರೂದೇ ನಮ್ಮ ಪುಣ್ಯ.”

ಜಾನಕೀಬಾಯಿ ಬೆರಳಿಗೆ ಸುತ್ತಿದ ಸೆರಗು ಬಿಚ್ಚಿದಳು. ಆಮೇಲೆ ಕೈಚಾಚಿ ಚೊಂಬು ಇಸಿದುಕೊಂಡಳು, ತುಟಿಗೆ ತಾಗಿಸದೆ ಎತ್ತಿ ಗಟಗಟ ಕುಡಿದಳು. ಓಣಿಗೆ ಓಣಿಯೇ ಅವಳ ಗಂಟಲು ನೋಡುತ್ತಿತ್ತು. ಖಾಲಿ ಚೊಂಬು ಅನಸೂಯಾಬಾಯಿಯ ಕೈಗಿಟ್ಟು, ಧೂಳುಗಾಲಲ್ಲೇ ಹೊಸ್ತಿಲು ದಾಟಿದಳು.

“ನೀಲಾ, ಎಲಿ ಹಾಕು. ನಡುಮನ್ಯಾಗಲ್ಲ, ಪಡಸಾಲ್ಯಾಗ.”