ಎರಡನೇ ಎಂಜಿನ್

ಒಂದು ಎಂಜಿನ್ನಿಗೆ ವೇಗ ಸಾಲದೆಂದು, ಗಂಡ ಅವಳ ಸ್ಕೂಟಿಯದನ್ನೂ ಬಿಚ್ಚಿ ತಾನು ಕಟ್ಟುತ್ತಿದ್ದ ಪುಟ್ಟ ರೇಸ್ ಗಾಡಿಗೆ, ಗೋ-ಕಾರ್ಟಿಗೆ, ಕೂರಿಸಿದ.

"ಇನ್ನು ಹೆಂಗೆ ಕೆಲಸಕ್ಕೆ ಹೋಗ್ತೀಯ, ನೋಡ್ತೀನಿ."

ಹೋದ ಸಲ ಅವಳು ತವರಿಗೆ ಹೊರಟಾಗ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು, ಅರ್ಧ ದಾರಿಯಿಂದ ಎಳೆದು ತಂದಿದ್ದ.

"ಬಾ, ಇದ್ರಲ್ಲಿ ಕೂತ್ಕೋ. ಒಂದು ಕಾಲು ಬ್ರೇಕಿನ ಮೇಲೇ ಇರ್ಲಿ, ಇನ್ನೊಂದ್ರಲ್ಲಿ ಆಕ್ಸಿಲರೇಟರ್ ತುಳಿ. ಎರಡೂ ಎಂಜಿನ್ನಿನ ಸದ್ದು ಒಂದೇ ಸಮ ಬರುತ್ತಾ ಕೇಳ್ಬೇಕು."

ಶೆಡ್ಡಿನ ತುಂಬ ಹೊಗೆ ಕವಿಯಿತು.

"ಉಸಿರು ಕಟ್ಟುತ್ತೆ ರೀ. ಗೇಟಾದ್ರೂ ತೆಗೀರಿ."

ಗೊಣಗುತ್ತಲೇ ಹೋಗಿ ತೆಗೆದ.

ಅವಳು ಬ್ರೇಕಿನಿಂದ ಕಾಲು ಎತ್ತಿದಳು.

ಗೋ-ಕಾರ್ಟ್ ಗೇಟು ದಾಟಿ ರಸ್ತೆಗಿಳಿದಾಗ ಅವನು ಹೋದ ಸಲದಂತೆಯೇ ಬೈಕಿನತ್ತ ಓಡಿದ.

ಮೊದಲ ಎಂಜಿನ್ ಬಿಚ್ಚಿದ್ದು ಆ ಬೈಕಿನಿಂದಲೇ.