ದೆವ್ವದ ಪಾಲು

"ಯಾರಲೇ ನೀ? ಬಾಯಿ ಬಿಡು!" ದೆವ್ವ ಬಿಡಿಸಲು ಕುರುಗೋಡಿನಿಂದ ಬಂದ ಮಾರೆಣ್ಣ ಹಂಪಮ್ಮನ ಕೂದಲು ಹಿಡಿದು ಹುಣಸೆ ಬರಲಿನ ಕೋಲನ್ನು ಎತ್ತಿದ. ಮೂರು ತಿಂಗಳಿಂದ ಅವಳು ಮುಟ್ಟಾಗಿರಲಿಲ್ಲ, ಬಸುರಿಯೂ ಅಲ್ಲ. ಹೊಟ್ಟೆ ಕಲ್ಲಾಗಿತ್ತು. ಸುಮ್ಮಸುಮ್ಮನೆ ಅಳುತ್ತಿದ್ದಳು, ಸಿಡುಕುತ್ತಿದ್ದಳು. ಆ ಮನೆಯಲ್ಲಿ ಸೊಸೆಯಾದ ಅವಳಿಗೆ ಒಣರೊಟ್ಟಿ, ಖಾರ ಅಷ್ಟೇ; ಮಜ್ಜಿಗೆಯೇನಿದ್ದರೂ ಗಂಡಸರಿಗೆ. ಕೇಳಿದರೆ ಅತ್ತೆ, "ಎಮ್ಮಿ ನಿಮ್ಮಪ್ಪ ಕೊಟ್ಟಾನೇನು?" ಎನ್ನುತ್ತಿದ್ದಳು.

ಮಾರೆಣ್ಣ ಅವಳ ಗಂಡನತ್ತ ಬೆರಳು ಮಾಡಿದ. "ಧಾತು ವರ್ಸದ ಬರದಾಗ ಹಸದು ಸತ್ತಳಲ್ಲ, ಇವನ ಮೊದಲ್ನೇ ಹೇಣ್ತಿ ಸುಂಕಮ್ಮ, ಆಕೀನ ಹೌದಲ್ಲೋ? ಏನ್ ಬೇಕು ಕೇಳು, ಕೊಡ್ತಾರ."

ಏನು ಬೇಕೆಂದು ಹಂಪಮ್ಮನನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಹೌದು, ನಾ ಸುಂಕಮ್ಮ," ಎಂದುಬಿಟ್ಟಳು. "ಹೊಟ್ಟಿ ಉರಿತೈತಿ. ಒಂದು ಗಡಿಗಿ ಮಜ್ಜಿಗಿ ಕೊಡ್ರಿ."

ಅತ್ತೆ ಒಳಗೋಡಿ, ತುಂಬಿದ ಗಡಿಗೆಯನ್ನು ತಂದು ಸೊಸೆಯ ಮುಂದಿಟ್ಟು ಅಡ್ಡಬಿದ್ದಳು. "ತಗೋ ನಮ್ಮವ್ವ, ನಮ್ಮನ್ನ ಬಿಟ್ಟು ಹೋಗು." ಹಂಪಮ್ಮ ಕೈ ಚಾಚಿದಳು. ಮಾರೆಣ್ಣ ಆ ಕೈಗೆ ಬರಲಿನಿಂದ ಬಾರಿಸಿ, ಗಡಿಗೆಯನ್ನು ಅವಳ ಗಂಡನ ತಲೆಗೆ ಹೊರಿಸಿದ. "ದೆವ್ವದ ಪಾಲು ಮನ್ಯಾಗ ಕುಡಿಸಬಾರದು. ಈ ಸಿರಿಗೇರಿ ಊರ ಸೀಮಿ ದಾಟಿ ಸುರುವಿ ಬಾ. ತಿರುಗಿ ನೋಡಬ್ಯಾಡ."

ಗಂಡ ಒಂದು ಹನಿಯೂ ತುಳುಕದಂತೆ, ಎಚ್ಚರದಿಂದ ಹೊಸ್ತಿಲು ದಾಟಿದ.